ಪುಕ್ಕಟೆ ಪ್ರವಾಸದ ಲೆಕ್ಕಾಚಾರ

ಜನವರಿಯಲ್ಲಿ ನ್ಯೂಯಾರ್ಕ್ ಚಳಿಗೆ ನಡುಗುತ್ತಿರುವಾಗ, ವಿಮಾನದಲ್ಲಿ ನಾಲ್ಕು ಗಂಟೆ ದೂರದ ಪೋರ್ಟೊರಿಕೊ ದ್ವೀಪದಲ್ಲಿ ಬೆಚ್ಚನೆಯ ಬಿಸಿಲು. ಅದರ ರಾಜಧಾನಿ ಸಾನ್ ಹುವಾನ್ ಇರುವುದು ಹೆಚ್ಚುಕಡಿಮೆ ನಮ್ಮ ಪುಣೆಯ ಅಕ್ಷಾಂಶದಲ್ಲೇ. ವಾರಾಂತ್ಯಕ್ಕೆ ಅಲ್ಲಿಗೆ ಹಾರುವ ಅಮೆರಿಕನ್ನರಲ್ಲಿ ಹಲವರು ಟಿಕೆಟ್ಟಿಗೆ ಕೊಡುವುದು ಹಣವನ್ನಲ್ಲ, 'ಪಾಯಿಂಟು'ಗಳನ್ನು.

ಏನಿದು ಪಾಯಿಂಟು? 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್, ಹಾರಿದ ಮೈಲಿಗಳನ್ನು ಲೆಕ್ಕವಿಟ್ಟು ಖಾಯಂ ಪ್ರಯಾಣಿಕರಿಗೆ ಬಹುಮಾನ ಕೊಡುವ ಯೋಜನೆ ಆರಂಭಿಸಿತು. ಈಗ ಕ್ರೆಡಿಟ್ ಕಾರ್ಡಿನಲ್ಲಿ ದಿನಸಿ ಕೊಂಡರೂ ಪಾಯಿಂಟು ಸೇರುತ್ತದೆ. ಪೋರ್ಟೊರಿಕೊ ಅಮೆರಿಕದ್ದೇ ಪ್ರದೇಶವಾದ್ದರಿಂದ, ಅಲ್ಲಿಗೆ ಪಾಯಿಂಟಿನ ಟಿಕೆಟ್ ಪಡೆದವರು ಕೈಯಿಂದ ತೆರುವುದು ಸಾಮಾನ್ಯವಾಗಿ ಒಂದು ಬದಿಗೆ 5.60 ಡಾಲರ್ ಭದ್ರತಾ ಶುಲ್ಕ ಮಾತ್ರ.

ಹಾಗಾದರೆ ಇದು ಪುಕ್ಕಟೆಯೇ? ಶುಲ್ಕ ಕಳೆದು ಟಿಕೆಟ್ ಬೆಲೆ 250 ಡಾಲರ್, ಬೇಕಾದ ಪಾಯಿಂಟು 20,000 ಎಂದುಕೊಳ್ಳಿ. ಆಗ ಒಂದು ಪಾಯಿಂಟಿನ ಬೆಲೆ ಒಂದೂಕಾಲು ಸೆಂಟ್. ಡಾಲರಿಗೊಂದು ಪಾಯಿಂಟಿನಂತೆ 1,000 ಡಾಲರ್ ಖರ್ಚು ಮಾಡಿದರೆ ಲಾಭ ಹನ್ನೆರಡೂವರೆ ಡಾಲರ್. ಆ ಬಿಲ್ಲನ್ನು ಕಟ್ಟದೆ ಒಂದೇ ತಿಂಗಳು ಬಾಕಿ ಉಳಿಸಿದರೂ, ವರ್ಷಕ್ಕೆ ಶೇ. 20ರ ದರದಲ್ಲಿ ಬಡ್ಡಿಯೇ 16.67 ಡಾಲರ್!

ಪ್ರತಿ ತಿಂಗಳೂ ಬಾಕಿ ಪೂರ್ತಿ ತೀರಿಸುವವರಿಗೆ ಮಾತ್ರ ಈ ಪ್ರವಾಸ ಅಗ್ಗ. ನಮ್ಮ ದೇಶದ ಹಲವು ಕಾರ್ಡುಗಳಲ್ಲಿ ಬಡ್ಡಿ ಇದಕ್ಕಿಂತಲೂ ಹೆಚ್ಚು. ಪಾಯಿಂಟಿನ ಆಸೆಗೆ ಬೇಡದ್ದನ್ನು ಕೊಳ್ಳುವ ಮುನ್ನ ಮನೆಮಂದಿ ಕೂತು ಈ ಲೆಕ್ಕ ಮಾಡುವುದು ಒಳ್ಳೆಯದು.