ನಿಮಗಿದು ಗೊತ್ತೆ? ಗುರುವಿಗೇ ತಿರುಮಂತ್ರ!

ಅಮೆರಿಕದ ಕಾನೂನು ಕಾಲೇಜುಗಳಲ್ಲಿ ಪ್ರಾಧ್ಯಾಪಕರ ಲೇಖನ ಅಚ್ಚಾಗಬೇಕೇ ಬೇಡವೇ ಎಂದು ತೀರ್ಮಾನಿಸುವವರು ಹೆಚ್ಚಾಗಿ ವಿದ್ಯಾರ್ಥಿಗಳು! ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಶುರುವಾದ ಅಂತರರಾಷ್ಟ್ರೀಯ ಕಾನೂನು ನಿಯತಕಾಲಿಕ ಇಂದಿಗೂ ಅವರ ಕೈಯಲ್ಲೇ ಇದೆ. ಹಾರ್ವರ್ಡ್‌ನದು ಅದಕ್ಕಿಂತ ಒಂದು ವರ್ಷ ಹಿರಿಯದು.

ಲೇಖನ ಆಯ್ಕೆಯಾದರೆ ಸಾಲದು. ವಿದ್ಯಾರ್ಥಿ ಸಂಪಾದಕರು ಒಂದೊಂದೇ ಅಡಿಟಿಪ್ಪಣಿ ಹಿಡಿದು, ಮೂಲ ಪುಸ್ತಕ ತೆರೆದು, ಪುಟಸಂಖ್ಯೆ ಸಮೇತ ತಾಳೆ ನೋಡುತ್ತಾರೆ. ಅಡಿಟಿಪ್ಪಣಿ ಹೇಗಿರಬೇಕೆಂದು ಹೇಳುವ ‘ಬ್ಲೂಬುಕ್’ ಕೂಡ ವಿದ್ಯಾರ್ಥಿಗಳದ್ದೇ ಕೃತಿ. 1926ರ ಮೊದಲ ಆವೃತ್ತಿ ಬರೀ 26 ಪುಟ. ಈಗ ಅದು ನೂರಾರು ಪುಟಗಳ ದಪ್ಪ ಹೊತ್ತಗೆ. ವಕೀಲರಿಗೂ ಅದೇ ಕೈಪಿಡಿ.

ದೂರವೇಕೆ, ಬೆಂಗಳೂರಿನ ‘ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ’ ಸಂಪಾದಕರೂ ವಿದ್ಯಾರ್ಥಿಗಳೇ!