ಧ್ವನಿವರ್ಧಕದ ಬಳಕೆ ಮತ್ತು ರಕ್ಷಣೆ

ಸಭೆಯ ಕಟ್ಟಕಡೆಯ ಸಾಲಿನಲ್ಲಿ ಕುಳಿತ ಬಾಲಕನಿಗೂ ಮಾತು ಸ್ಪಷ್ಟವಾಗಿ ಮುಟ್ಟಿದಾಗಲೇ ಭಾಷಣವು ಸಾರ್ಥಕವಾಗುವುದು. ಇದಕ್ಕಾಗಿ ಒದಗಿರುವ ಸಾಧನವೇ ಕೈಯಲ್ಲಿ ಹೊತ್ತೊಯ್ಯಬಹುದಾದ ಧ್ವನಿವರ್ಧಕ. ಮೈಕು ಧ್ವನಿಯನ್ನು ವಿದ್ಯುತ್ ಸಂಕೇತವಾಗಿಸುತ್ತದೆ. ಆಂಪ್ಲಿಫೈಯರು ಅದನ್ನು ಬಲಪಡಿಸುತ್ತದೆ. ಸ್ಪೀಕರು ಮರಳಿ ಧ್ವನಿಯಾಗಿಸುತ್ತದೆ. ಯಂತ್ರಕ್ಕೆ ಗುಣದೋಷಗಳ ವಿವೇಚನೆಯಿಲ್ಲ. ಮಾತನ್ನು ಹಿಗ್ಗಿಸುವಂತೆಯೇ ಉಸಿರಿನ ಸದ್ದನ್ನೂ ಹಿಗ್ಗಿಸುವುದು.

ಸ್ಪೀಕರಿನಿಂದ ಹೊರಟ ಧ್ವನಿಯು ಮತ್ತೆ ಮೈಕನ್ನು ಹೊಕ್ಕು ಪುನಃ ಪುನಃ ವರ್ಧಿಸಿದರೆ ಕರ್ಕಶವಾದ ಕೂಗು ಹುಟ್ಟುತ್ತದೆ. ಆದುದರಿಂದ ಸ್ಪೀಕರನ್ನು ಭಾಷಣಕಾರರ ಮುಂಭಾಗದಲ್ಲಿ, ಶ್ರೋತೃಗಳ ಕಡೆಗೆ ಮುಖಮಾಡಿ, ಅವರ ತಲೆಗಿಂತ ಎತ್ತರದಲ್ಲಿ ಇರಿಸತಕ್ಕದ್ದು. ಕೂಗು ಕೇಳಿಬಂದೊಡನೆ ಧ್ವನಿಮಟ್ಟವನ್ನು ತಗ್ಗಿಸಬೇಕು. ಮೈಕನ್ನು ಅಂಗೈಯಿಂದ ಮುಚ್ಚಿದರೆ ಸಾಮಾನ್ಯವಾಗಿ ಅದು ಹೆಚ್ಚುವುದೇ ಹೊರತು ಶಮನವಾಗದು. ಬಾಯಿಗೂ ಮೈಕಿಗೂ ಸುಮಾರು 4ರಿಂದ 6 ಅಂಗುಲ ಅಂತರವಿದ್ದರೆ ಮಾತು ತಿಳಿಯಾಗಿ ಕೇಳುವುದು. ಮೈಕನ್ನು ಪರೀಕ್ಷಿಸಲು ಊದುವುದೂ ಬಡಿಯುವುದೂ ಸಲ್ಲದು. ಎರಡು ಮಾತನಾಡಿ ನೋಡುವುದೇ ಕ್ರಮ.

ಸೀಸ-ಆಮ್ಲದ ಬ್ಯಾಟರಿಯನ್ನು ಬರಿದಾದ ಸ್ಥಿತಿಯಲ್ಲಿ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಗೊಂಡು ಶಕ್ತಿ ಕುಂದುತ್ತದೆ. ಬಳಸಿದ ದಿನವೇ ಚಾರ್ಜು ಮಾಡಬೇಕು; ರಜೆಯ ದಿನಗಳಲ್ಲಿಯೂ ತಿಂಗಳಿಗೊಮ್ಮೆ ಇದನ್ನು ಮರೆಯಬಾರದು. ತಂತಿಯನ್ನು ಮೊಣಕೈಗೆ ಬಿಗಿದು ಸುತ್ತದೆ ಸಡಿಲವಾದ ಸುರುಳಿಯಾಗಿಡುವುದು ಲೇಸು.

ಪರರ ನಿದ್ರೆಗೂ ಗೌರವ ಸಲ್ಲಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ, ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕದ ಬಳಕೆಯು ಸಾಮಾನ್ಯವಾಗಿ ನಿಷಿದ್ಧ.

ದಾನಿಗಳು ನೀಡಿದ ಉಪಕರಣವು ಆರೈಕೆಯಿಲ್ಲದೆ ಕಪಾಟಿನಲ್ಲಿ ಮೂಕವಾಗಿ ಕುಳಿತರೆ ದಾನವೇ ನಿಷ್ಫಲವಾದಂತೆ. ಕಡೆಯ ಸಾಲಿನ ಬಾಲಕನು ತಲೆಯೆತ್ತಿ ಆಲಿಸಿದಾಗಲೇ ಆ ದಾನಕ್ಕೆ ಫಲ.