ಕಿಗೋಮಾ: ರೈಲು ನಿಲ್ಲುವಲ್ಲಿ ಹಡಗು ಹೊರಡುವ ಊರು

ತಾಂಜಾನಿಯಾದ ಕರಾವಳಿ ನಗರ ದಾರ್ ಎಸ್ ಸಲಾಮಿನಿಂದ ಪಶ್ಚಿಮಕ್ಕೆ ಹೊರಟ ರೈಲುಮಾರ್ಗವು ಸುಮಾರು 1,250 ಕಿಲೋಮೀಟರ್ ಸಾಗಿ ಒಂದು ಸರೋವರದ ದಡದಲ್ಲಿ ಕೊನೆಗೊಳ್ಳುತ್ತದೆ. ಆ ಕೊನೆಯ ನಿಲ್ದಾಣವೇ ಕಿಗೋಮಾ. ಎದುರಿಗಿರುವುದು ಟಾಂಗನಿಕಾ ಸರೋವರ; ಅದರಾಚೆ ಕಾಂಗೋ ದೇಶದ ಬೆಟ್ಟಗಳು.

ಈ ಸರೋವರದ ಉದ್ದ ಸುಮಾರು 670 ಕಿಲೋಮೀಟರ್, ಗರಿಷ್ಠ ಆಳ ಸುಮಾರು 1,470 ಮೀಟರ್. ಇದಕ್ಕಿಂತ ಆಳವಾದ ಸರೋವರ ಜಗತ್ತಿನಲ್ಲಿ ಸೈಬೀರಿಯಾದ ಬೈಕಲ್ ಒಂದೇ. ತಾಂಜಾನಿಯಾ, ಕಾಂಗೋ, ಬುರುಂಡಿ, ಜಾಂಬಿಯಾ ಎಂಬ ನಾಲ್ಕು ದೇಶಗಳು ಇದರ ದಡವನ್ನು ಹಂಚಿಕೊಂಡಿವೆ. ಆದ್ದರಿಂದ ರಾಜಧಾನಿಗಳಿಗೆ ದೂರವಾದ ಕಿಗೋಮಾ ನೆರೆನಾಡುಗಳಿಗೆ ಹೆಬ್ಬಾಗಿಲಾಗಿದೆ. ಈ ಊರಿನ ಏಳುಬೀಳುಗಳೆಲ್ಲ ಈ ಒಂದು ಸಂಗತಿಯನ್ನೇ ಅವಲಂಬಿಸಿವೆ.

ರೈಲು ಬರುವುದಕ್ಕೆ ಮೊದಲು ಈ ಹೆಬ್ಬಾಗಿಲು ಕೆಲವೇ ಕಿಲೋಮೀಟರ್ ದೂರದ ಉಜಿಜಿಯಲ್ಲಿತ್ತು. ಆನೆದಂತವೂ ಗುಲಾಮರೂ ಇಲ್ಲಿಂದಲೇ ಕಾಲ್ನಡಿಗೆಯಲ್ಲಿ ಹಿಂದೂ ಮಹಾಸಾಗರದ ತೀರಕ್ಕೆ ಸಾಗುತ್ತಿದ್ದರು. ಅರಬ್ ಮತ್ತು ಸ್ವಾಹಿಲಿ ವರ್ತಕರ ಈ ಸಾರ್ಥವಾಹಗಳಿಗೆ ಬಂಡವಾಳ ಒದಗಿಸಿದವರಲ್ಲಿ ಜಾಂಜಿಬಾರಿನ ಭಾರತೀಯ ಸಾಹುಕಾರರೂ ಇದ್ದರೆಂಬುದನ್ನು ನಾವು ಮರೆಯಲಾಗದು.

1871ರಲ್ಲಿ ಪತ್ರಕರ್ತ ಸ್ಟ್ಯಾನ್ಲಿಯು ಹೊರಜಗತ್ತಿನ ಸಂಪರ್ಕ ಕಡಿದುಹೋಗಿದ್ದ ಲಿವಿಂಗ್‌ಸ್ಟನ್ನನನ್ನು ಕಂಡದ್ದು ಉಜಿಜಿಯಲ್ಲಿಯೇ. ಆಗ ಲಿವಿಂಗ್‌ಸ್ಟನ್ನನ ಬಳಿ ಚುಮಾ ಎಂಬ ಸೇವಕನಿದ್ದ. ಗುಲಾಮರ ಸಾಲಿನಿಂದ ಬಿಡುಗಡೆಗೊಂಡ ಈ ಹುಡುಗ 1864ರಲ್ಲಿ ಲಿವಿಂಗ್‌ಸ್ಟನ್ನನ ಹಡಗಿನಲ್ಲಿ ಮುಂಬಯಿಗೆ ಬಂದು, ಇಲ್ಲಿನ ಮಿಷನ್ ಶಾಲೆಯಲ್ಲಿ ಓದಿದವನು. 1873ರಲ್ಲಿ ಲಿವಿಂಗ್‌ಸ್ಟನ್ ಗತಿಸಿದಾಗ ಆತನ ದೇಹವನ್ನು ತಿಂಗಳುಗಟ್ಟಲೆ ಹೊತ್ತು ಕರಾವಳಿಗೆ ತಲುಪಿಸಿದವರ ಮುಂದಾಳುಗಳಲ್ಲಿ ಚುಮಾ ಒಬ್ಬ. ಚರಿತ್ರೆಯ ಪುಟಗಳಲ್ಲಿ ಇಬ್ಬರು ಬಿಳಿಯರ ಭೇಟಿ ಅಜರಾಮರವಾಯಿತು. ಚುಮಾನ ಹೆಸರು ಬಲ್ಲವರು ವಿರಳ.

1914ರಲ್ಲಿ ಜರ್ಮನರ ರೈಲು ಕಿಗೋಮಾ ತಲುಪಿದೊಡನೆ ಉಜಿಜಿಯ ಪ್ರಾಮುಖ್ಯ ಕುಗ್ಗಿತು. ಜರ್ಮನಿಯಲ್ಲಿ ನಿರ್ಮಿಸಿ, ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ತಂದ ಹಡಗೊಂದನ್ನು ಇಲ್ಲಿ ಮರುಜೋಡಿಸಿ 1915ರಲ್ಲಿ ನೀರಿಗಿಳಿಸಿದರು. ಮರುವರ್ಷ ಯುದ್ಧದಲ್ಲಿ ಹಿಮ್ಮೆಟ್ಟುವಾಗ ಅದು ಶತ್ರುಗಳ ಪಾಲಾಗಬಾರದೆಂದು ತಾವೇ ಮುಳುಗಿಸಿದರು. ಯಂತ್ರಗಳು ಕೆಡದಂತೆ ಅವಕ್ಕೆ ದಪ್ಪಗೆ ಗ್ರೀಸ್ ಬಳಿದಿದ್ದರು. ಬ್ರಿಟಿಷರು 1924ರಲ್ಲಿ ಅದನ್ನು ಮೇಲೆತ್ತಿ, 1927ರಲ್ಲಿ 'ಲಿಯಂಬಾ' ಎಂಬ ಹೊಸ ಹೆಸರಿನಲ್ಲಿ ಸೇವೆಗೆ ತಂದರು. ರಸ್ತೆಯಿಲ್ಲದ ದಡದ ಹಳ್ಳಿಗಳಿಗೆ ಜನರನ್ನೂ ಸರಕನ್ನೂ ಮುಟ್ಟಿಸಿದ ಈ ಹಡಗು ಬುರುಂಡಿ, ಕಾಂಗೋಗಳ ಕಲಹಗಳಿಂದ ಓಡಿಬಂದ ನಿರಾಶ್ರಿತರನ್ನೂ ಸಾಗಿಸಿತು. ಒಂದು ಶತಮಾನವನ್ನು ದಾಟಿದ ಬಳಿಕ ದುರಸ್ತಿಗಾಗಿ ಅದನ್ನು ಸೇವೆಯಿಂದ ಹಿಂತೆಗೆಯಬೇಕಾಯಿತು. ಹಡಗು ನಿಂತರೆ ಇಂತಹ ಹಳ್ಳಿಗಳ ಸಂತೆಯೂ ಸೊರಗುತ್ತದೆ.

ಬಂದರಿನ ಸರಕಲ್ಲದೆ ತಾಳೆಎಣ್ಣೆ ಮತ್ತು ಮೀನು ಈ ಸೀಮೆಯ ಆಧಾರಗಳು. ಬೆಳುದಿಂಗಳಿಲ್ಲದ ರಾತ್ರಿಗಳಲ್ಲಿ ದೋಣಿಗಳು ದೀಪ ಹೊತ್ತಿಸಿ 'ದಗಾ' ಎಂಬ ಕಿರುಮೀನುಗಳನ್ನು ಸೆಳೆಯುತ್ತವೆ. ಹಗಲಿನಲ್ಲಿ ಒಣಗಿಸಿದ ದಗಾ ರೈಲು, ಲಾರಿಗಳಲ್ಲಿ ದೂರದ ಪೇಟೆಗಳಿಗೆ ಹೋಗುತ್ತದೆ. ಆದರೆ ಮೇಲ್ಮೈ ನೀರು ಬಿಸಿಯಾದಷ್ಟೂ ಅದು ಆಳದ ನೀರಿನೊಡನೆ ಬೆರೆಯುವುದು ಕಡಿಮೆಯಾಗಿ, ಮೀನಿಗೆ ಬೇಕಾದ ಪೋಷಕಾಂಶಗಳು ಮೇಲೇರುವುದಿಲ್ಲ. ಅತಿಯಾದ ಬೇಟೆಯೂ ಇದರೊಡನೆ ಸೇರಿತು. 2024ರಲ್ಲಿ ಮೀನು ವೃದ್ಧಿಯಾಗಲೆಂದು ಮೇ ತಿಂಗಳ ನಡುವಿನಿಂದ ಮೂರು ತಿಂಗಳು ಮೀನುಗಾರಿಕೆಯನ್ನೇ ನಿಲ್ಲಿಸಲಾಯಿತು.

ಮೂರು ತಿಂಗಳು ದೀಪ ಹೊತ್ತಿಸದ ದೋಣಿಯೆಂದರೆ ಒಂದು ಮನೆಯ ಮೂರು ತಿಂಗಳ ಗಳಿಕೆ. ದಂತ ಹೋಯಿತು, ಗುಲಾಮರ ವ್ಯಾಪಾರ ಅಳಿಯಿತು, ಸಾಮ್ರಾಜ್ಯಗಳು ಬಂದು ಹೋದವು. ಇವೆಲ್ಲವನ್ನೂ ಕಂಡು ಉಳಿದ ಊರು ಕಿಗೋಮಾ. ಆದರೆ ಸರೋವರವೇ ಬಡವಾದರೆ ಅದಕ್ಕೆ ಬೇರೆ ದಾರಿಯಿಲ್ಲವೆಂಬುದೇ ನಮ್ಮ ಚಿಂತೆ.